ಒಂಟಿ ಸಿಲಿಂಡರಿನ ಹಳೆ ಟ್ರ್ಯಾಕ್ಟರ್: ಧೂಳು, ನೀರು, ಹೊಟ್ಟಿನಿಂದ ಉಳಿಸಿಕೊಳ್ಳುವ ಬಗೆ

ನಮ್ಮ ಮನೆಯ ಟ್ರ್ಯಾಕ್ಟರ್ ನನಗಿಂತ ಎರಡು ವರ್ಷ ಚಿಕ್ಕದು. ಐಷರ್ ಗಾಡಿ. ಒಂದೇ ಸಿಲಿಂಡರ್, 24 ಎಚ್‌ಪಿ, ರೇಡಿಯೇಟರ್ ಇಲ್ಲ. ಆಳಂದ ಕಡೆಯ ನಮ್ಮೂರಿನ ದಾರಿಯಲ್ಲಿ ಅದು ಬರುತ್ತಿದ್ದರೆ ಅರ್ಧ ಕಿಲೋಮೀಟರ್ ಆಚೆಯಿಂದಲೇ ಗೊತ್ತಾಗುತ್ತದೆ. ಡುಗ್, ಡುಗ್, ಡುಗ್. ಒಂದೊಂದು ಹೊಡೆತವನ್ನೂ ಎಣಿಸಬಹುದು. ಅಪ್ಪ ಎತ್ತು ಮಾರಿ ತಂದ ಗಾಡಿ ಅದು. ಅಪ್ಪ ಹೋದ ಮೇಲೆ 4 ಎಕರೆ ಎರಿ (ಕಪ್ಪು ಮಣ್ಣಿನ) ಹೊಲವೂ ಈ ಗಾಡಿಯೂ ನನ್ನ ಪಾಲಿಗೆ ಬಂದವು. ನಾನು ಕಲಬುರಗಿಯಲ್ಲಿ ನೌಕರಿ ಮಾಡುವವನು. ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬಸ್ ಹತ್ತುತ್ತೇನೆ.

"ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂತ ಹೇಳದವರೇ ಇಲ್ಲ. ಮೊದಲ ವರ್ಷ ನನಗೂ ಹಾಗೇ ಅನ್ನಿಸಿತ್ತು. ನೀಲಿ ಹೊಗೆ, ಏರಿನಲ್ಲಿ ಎಳೆತ ಇಲ್ಲ, ವಾರಕ್ಕೊಂದು ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತಿತ್ತು. ಕೊನೆಗೆ ಮಿಸ್ತ್ರಿ ಹೆಡ್ ಬಿಚ್ಚಿದರು. ನನ್ನ ಬೆರಳು ಹಿಡಿದು ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಒಳಗೆ ಸವರಿಸಿದರು. ಮೇಲಿನ ಅಂಚಿಗೆ ಬಂದಾಗ ಉಗುರಿಗೆ ಒಂದು ಮೆಟ್ಟಿಲು ತಾಗಿತು. ಪಿಸ್ಟನ್ ರಿಂಗ್ ಓಡಾಡುವ ಜಾಗ ಅಷ್ಟು ಸವೆದಿತ್ತು. "ಇದಕ್ಕ ವಯಸ್ಸಾಗಿಲ್ರಿ ಸರ್, ಹೊಟ್ಟ್ಯಾಗ ಮಣ್ಣ ಹೋಗ್ಯಾದ" ಅಂದರು.

ಆ ಒಂದು ಮಾತು ಅರ್ಥವಾದರೆ ಹಳೆ ಟ್ರ್ಯಾಕ್ಟರಿನ ಮುಕ್ಕಾಲು ಪಾಠ ಮುಗಿದಂತೆ. ಮಣ್ಣು ಹೇಗೆ ಒಳಗೆ ಹೋಗುತ್ತದೆ, ಎಲ್ಲೆಲ್ಲಿ ಹೋಗುತ್ತದೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಪೆಟ್ರೋಲ್ ಗಾಡಿಯಲ್ಲಿ ಇರುವ ಪ್ಲಗ್ ಇದರಲ್ಲಿ ಇಲ್ಲ. ಪಿಸ್ಟನ್ ಕೆಳಗಿಳಿಯುವಾಗ ಗಾಳಿ ಎಳೆದುಕೊಳ್ಳುತ್ತದೆ. ಮೇಲೇರುವಾಗ ಆ ಗಾಳಿಯನ್ನು ಸುಮಾರು ಹದಿನಾರನೇ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಸೈಕಲ್‌ಗೆ ಹವಾ ಹೊಡೆದಾಗ ಪಂಪಿನ ತುದಿ ಬಿಸಿಯಾಗುತ್ತದೆ, ಅಲ್ವಾ? ಅದೇ ಇಲ್ಲಿ ದೊಡ್ಡದಾಗಿ ಆಗುತ್ತದೆ. ಒತ್ತಿದ ಗಾಳಿ 500 ಡಿಗ್ರಿ ದಾಟುತ್ತದೆ. ಸರಿಯಾಗಿ ಆ ಹೊತ್ತಿಗೆ ನೊಝಲ್ ಡೀಸೆಲನ್ನು ಮಂಜಿನಂತೆ ಒಳಗೆ ಚಿಮುಕಿಸುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಅಂದರೆ ಈ ಎಂಜಿನ್ನಿಗೆ ಬೇಕಾದ್ದು ಮೂರೇ: ಗಾಳಿ, ಆ ಗಾಳಿ ಸೋರದಂತೆ ಬಿಗಿಯಾದ ಸಿಲಿಂಡರ್, ಸರಿಯಾದ ಹೊತ್ತಿಗೆ ಸರಿಯಾಗಿ ಚಿಮ್ಮುವ ಡೀಸೆಲ್. ಬ್ಯಾಟರಿ ಬೇಕಾದ್ದು ಸೆಲ್ಫ್ ತಿರುಗಿಸಲಿಕ್ಕೆ ಮಾತ್ರ. ಒಮ್ಮೆ ಚಾಲೂ ಆದ ಹಳೆ ಗಾಡಿಗೆ ಕರೆಂಟಿನ ಹಂಗಿಲ್ಲ.

ಈಗ ಗಾಳಿಯ ಲೆಕ್ಕ ನೋಡಿ. ನಮ್ಮ ಗಾಡಿಯ ಸಿಲಿಂಡರ್ ಸುಮಾರು ಒಂದೂವರೆ ಲೀಟರಿನದು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಎರಡು ಸುತ್ತಿಗೊಮ್ಮೆ ಉಸಿರು ಎಳೆಯುತ್ತದೆ. ಅಂದರೆ 750 ಉಸಿರು. ನಿಮಿಷಕ್ಕೆ ಹೆಚ್ಚುಕಡಿಮೆ ಸಾವಿರ ಲೀಟರ್ ಗಾಳಿ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಇದೆ ಅಂದುಕೊಳ್ಳಿ. ಅಂಥ ಎರಡು ಕೋಣೆಯಷ್ಟು ಗಾಳಿಯನ್ನು ಒಂದು ತಾಸಿನಲ್ಲಿ ಕುಡಿಯುತ್ತದೆ. ಆ ಗಾಳಿ ಎಂಥದ್ದು? ಏಪ್ರಿಲ್‌ನಲ್ಲಿ ಒಣ ಎರಿ ಹೊಲ ಹರಗುವಾಗ ಹಿಂದೆ ತಿರುಗಿ ನೋಡಿದರೆ ಕುಂಟೆ ಕಾಣುವುದಿಲ್ಲ. ಅಷ್ಟು ಧೂಳು.

ಇದನ್ನು ತಡೆಯಲು ಹಳೆ ಗಾಡಿಗಳಲ್ಲಿ ಇರುವುದು ಆಯಿಲ್ ಬಾತ್ ಏರ್ ಕ್ಲೀನರ್. ನೋಡಲು ದೊಡ್ಡ ಡಬ್ಬಿ, ಕೆಳಗೆ ಕ್ಲಿಪ್ ಹಾಕಿದ ಒಂದು ಬಟ್ಟಲು. ಬಟ್ಟಲಿನಲ್ಲಿ ಎಂಜಿನ್ ಆಯಿಲ್. ಗಾಳಿ ನಡುವಿನ ಪೈಪಿನಲ್ಲಿ ಕೆಳಗಿಳಿದು ಎಣ್ಣೆಗೆ ಹೊಡೆದು, ತಟ್ಟನೆ ತಿರುಗಿ ಮೇಲೇರುತ್ತದೆ. ಭಾರದ ಧೂಳು ಹಾಗೆ ತಿರುಗಲಾರದೆ ಎಣ್ಣೆಯಲ್ಲಿ ಮುಳುಗುತ್ತದೆ. ಉಳಿದ ಸಣ್ಣ ಧೂಳು ಮೇಲಿನ ತಂತಿ ಜಾಳಿಗೆಯ ಎಣ್ಣೆಗೆ ಅಂಟುತ್ತದೆ. ಕಾಗದದ ಫಿಲ್ಟರ್ ಹಾಗೆ ಮತ್ತೆ ಮತ್ತೆ ಕೊಳ್ಳುವ ಖರ್ಚಿಲ್ಲ. ಆದರೆ ಮನುಷ್ಯ ಸೋಮಾರಿಯಾದರೆ ಇದೂ ಸೋಮಾರಿ.

ನಮ್ಮ ಗಾಡಿಯ ಬಟ್ಟಲು ಬಿಚ್ಚಿದ ದಿನ ನನಗೆ ನೆನಪಿದೆ. ಎಣ್ಣೆ ಇರಲಿಲ್ಲ. ಮೆತ್ತಗಿನ ಕರಿ ಕೆಸರು ಇತ್ತು, ಬೆರಳು ಇಟ್ಟರೆ ಗುರುತು ಉಳಿಯುವಷ್ಟು ಗಟ್ಟಿ. ಕಡ್ಡಿ ಚುಚ್ಚಿದರೆ ನಿಲ್ಲುತ್ತಿತ್ತು. ಕೆಲಸದವರಿಗೆ ಹೇಳಿ ಉಪಯೋಗವಿಲ್ಲ, ಅದನ್ನು ಬಿಚ್ಚಬೇಕು ಅಂತ ನನಗೇ ಗೊತ್ತಿರಲಿಲ್ಲ. ಈಗ ಧೂಳಿನ ಕೆಲಸ ಇರುವಾಗ ದಿನಾ ಸಂಜೆ ಬಟ್ಟಲು ನೋಡುತ್ತೇನೆ. ತಳದಲ್ಲಿ ಬೆರಳಿನ ಅಗಲದಷ್ಟು ಕೆಸರು ಕೂತಿತ್ತು ಅಂದರೆ ಚೆಲ್ಲಿ, ಡೀಸೆಲ್‌ನಲ್ಲಿ ತೊಳೆದು, ಹೊಸ ಎಣ್ಣೆ. ಗುರುತಿನ ಗೆರೆಯವರೆಗೆ ಮಾತ್ರ. ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ತುಂಬಿಸಬೇಡಿ. ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಉರಿಸತೊಡಗಿದರೆ ಓಟ ಏರುತ್ತಲೇ ಹೋಗುತ್ತದೆ, ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಇನ್ನೊಂದು ಜಾಗ ಇದೆ, ಯಾರೂ ನೋಡದ್ದು: ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು. ಅದರಲ್ಲಿ ಒಂದು ಬಿರುಕು ಇದ್ದರೆ ಸಾಕು. ಕ್ಲೀನರ್ ಎಷ್ಟೇ ಚೊಕ್ಕವಿದ್ದರೂ ಧೂಳು ಆ ಬಿರುಕಿನಿಂದ ನೇರವಾಗಿ ಲೈನರಿಗೆ. ನಮ್ಮದರಲ್ಲಿ ಆದದ್ದು ಇದೇ. ನೂರಿನ್ನೂರು ರೂಪಾಯಿಯ ರಬ್ಬರ್ ಪೈಪಿಗೆ ಇಡೀ ಎಂಜಿನ್ ಕೆಲಸ ಮಾಡಿಸಿದೆ.

ಹೊಟ್ಟು ಮತ್ತು ಬಿಸಿ

ರೇಡಿಯೇಟರ್ ಇಲ್ಲದ ಗಾಡಿ ನಮ್ಮ ಕಡೆಗೆ ಸುಖ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು, ಬೋರಿನ ನೀರು ಸವಳು. ನೀರಿನ ಎಂಜಿನ್ನಿಗೆ ಅದೇ ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಆ ಗೋಳಿಲ್ಲ. ಸಿಲಿಂಡರಿನ ಸುತ್ತ ತೆಳ್ಳಗಿನ ಲೋಹದ ರೆಕ್ಕೆಗಳಿರುತ್ತವೆ. ಫ್ಯಾನ್ ಗಾಳಿಯನ್ನು ತಗಡಿನ ಮುಚ್ಚಳದೊಳಗಿಂದ ಆ ರೆಕ್ಕೆಗಳ ಸಂದಿಗೆ ನುಗ್ಗಿಸುತ್ತದೆ.

ತೊಂದರೆ ಬರುವುದು ತೊಗರಿ ರಾಶಿಯ ಹೊತ್ತಿಗೆ. ಡಿಸೆಂಬರ್, ಜನವರಿಯಲ್ಲಿ ಟ್ರ್ಯಾಕ್ಟರನ್ನು ರಾಶಿ ಮಿಷನ್ನಿಗೆ ಜೋಡಿಸಿ ಒಂದೇ ಕಡೆ ತಾಸುಗಟ್ಟಲೆ ನಿಲ್ಲಿಸುತ್ತೇವೆ. ಗಾಳಿ ತಿರುಗಿದರೆ ಹೊಟ್ಟೆಲ್ಲ ಗಾಡಿಯ ಮೇಲೆ. ಎಲ್ಲೋ ಒಂದು ಕಡೆ ಎಣ್ಣೆ ಜಿನುಗುತ್ತಿರುತ್ತದೆ, ಹಳೆ ಗಾಡಿ ಅಂದ ಮೇಲೆ ಇದ್ದದ್ದೇ. ಎಣ್ಣೆ, ಹೊಟ್ಟು, ಧೂಳು ಮೂರೂ ಸೇರಿ ರೆಕ್ಕೆಗಳ ಸಂದಿಯಲ್ಲಿ ಸುಟ್ಟ ರೊಟ್ಟಿಯ ಹಾಗೆ ಗಟ್ಟಿಯಾಗುತ್ತದೆ. ಎಂಜಿನ್ನಿಗೆ ಕಂಬಳಿ ಹೊದಿಸಿದಂತೆ. ಮೀಟರಿನಲ್ಲಿ ಏನೂ ಕಾಣುವುದಿಲ್ಲ, ಎಷ್ಟೋ ಹಳೆ ಗಾಡಿಗಳಲ್ಲಿ ಮೀಟರೇ ಸತ್ತಿರುತ್ತದೆ. ಸುಟ್ಟ ಎಣ್ಣೆಯ ವಾಸನೆ ಬಂದು, ಎಳೆತ ಕುಗ್ಗಿ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು. ರಾಶಿಗೆ ಮೊದಲು ಗಾಳಿಯ ದಿಕ್ಕು ನೋಡಿ ಗಾಡಿ ನಿಲ್ಲಿಸಿ. ಮಧ್ಯಾಹ್ನ ಊಟಕ್ಕೆ ಕೂತಾಗ ಫ್ಯಾನ್ ಜಾಳಿಗೆಯ ಮೇಲಿನ ಹೊಟ್ಟು ಕೈಯಿಂದ ತೆಗೆಯಿರಿ. ರಾಶಿ ಮುಗಿದ ಮೇಲೆ ತಗಡಿನ ಮುಚ್ಚಳ ಬಿಚ್ಚಿ, ಕಟ್ಟಿಗೆಯ ತೆಳು ಕಡ್ಡಿಯಿಂದ ಒಂದೊಂದು ಸಂದಿಯನ್ನೂ ಕೆರೆಯಿರಿ, ಆಮೇಲೆ ಹವಾ ಹೊಡೆಯಿರಿ. ಬಿಸಿ ಎಂಜಿನ್ ಮೇಲೆ ನೀರು ಎರಚಬೇಡಿ, ಲೋಹ ಸೀಳುತ್ತದೆ. ಮುಚ್ಚಳ ಕಿರಿಕಿರಿ ಅಂತ ಬಿಚ್ಚಿಟ್ಟು ಓಡಿಸುವವರನ್ನೂ ಕಂಡಿದ್ದೇನೆ. ಮುಚ್ಚಳ ಇಲ್ಲದಿದ್ದರೆ ಫ್ಯಾನಿನ ಗಾಳಿ ರೆಕ್ಕೆಗೆ ಹೋಗುವುದಿಲ್ಲ, ಊರಿಗೆ ಹೋಗುತ್ತದೆ.

ಎಂಜಿನ್ ಆಯಿಲ್ ವಿಷಯ ಚಿಕ್ಕದು. ಹಳೆ ಗಾಡಿಗೆ 100ರಿಂದ 125 ತಾಸಿಗೊಮ್ಮೆ ಬದಲಿಸುವುದು ಒಳ್ಳೆಯದು, ಫಿಲ್ಟರ್ ಸಮೇತ. ತಾಸಿನ ಮೀಟರ್ ಕೆಟ್ಟಿದ್ದರೆ ಒಂದು ನೋಟ್‌ಬುಕ್ ಇಡಿ. ಹಳೆ ಎಣ್ಣೆಯನ್ನು ಹೊಲದ ಬದುವಿಗೆ ಸುರಿಯಬೇಡಿ.

ಡೀಸೆಲ್‌ನಲ್ಲಿ ನೀರು, ಪೈಪಿನಲ್ಲಿ ಗಾಳಿ

ಡೀಸೆಲನ್ನು ಒತ್ತಿ ಕಳಿಸುವ ಪಂಪು ಮತ್ತು ಅದನ್ನು ಚಿಮುಕಿಸುವ ನೊಝಲ್ ಈ ಒರಟು ಗಾಡಿಯ ಅತಿ ನಾಜೂಕಾದ ಭಾಗಗಳು. ಪಂಪಿನೊಳಗೆ ಮೇಲೆ ಕೆಳಗೆ ಓಡಾಡುವ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್. ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಕೂದಲನ್ನು ಉದ್ದಕ್ಕೆ ಇಪ್ಪತ್ತಕ್ಕೂ ಜಾಸ್ತಿ ಸೀಳು ಮಾಡಿದರೆ ಒಂದು ಸೀಳು ಎಷ್ಟೋ, ಅಷ್ಟು. ಆ ಸಂದಿಗೆ ಡೀಸೆಲ್ಲೇ ಎಣ್ಣೆ. ನೀರು ಬಂದರೆ ತುಕ್ಕು, ಧೂಳು ಬಂದರೆ ಗೀರು. ಒಮ್ಮೆ ಗೀರು ಬಿದ್ದರೆ ಒತ್ತಡ ಸಾಲದೆ ಡೀಸೆಲ್ ಮಂಜಾಗಿ ಚಿಮ್ಮುವ ಬದಲು ಹನಿ ಹನಿಯಾಗಿ ತೊಟ್ಟಿಕ್ಕುತ್ತದೆ.

ನೀರು ಬರುವುದು ಹೀಗೆ: ನನ್ನಂಥ ವಾರಕ್ಕೊಮ್ಮೆ ಗಾಡಿ ತೆಗೆಯುವವರ ಟ್ಯಾಂಕ್ ಯಾವಾಗಲೂ ಅರ್ಧ ಖಾಲಿ. ಹಗಲು ಟ್ಯಾಂಕ್ ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ, ಒಳಗಿನ ಗಾಳಿಯಲ್ಲಿರುವ ತೇವ ಬೆವರಿನಂತೆ ಗೋಡೆಗೆ ಕೂತು ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಇದು ಜಾಸ್ತಿ. ನೀರು ಡೀಸೆಲ್‌ಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಅದಕ್ಕೇ ಕೆಲಸ ಮುಗಿಸಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಡಿ. ತಿಂಗಳಿಗೊಮ್ಮೆ ಬೆಳಿಗ್ಗೆ, ಗಾಡಿ ಅಲುಗಾಡಿಸುವ ಮೊದಲು, ಫಿಲ್ಟರಿನ ತಳದ ಬೋಲ್ಟು ಸಡಿಲಿಸಿ ಅರ್ಧ ಲೋಟ ಡೀಸೆಲ್ ಗಾಜಿನ ಸೀಸೆಗೆ ಹಿಡಿಯಿರಿ. ಹತ್ತು ನಿಮಿಷ ಬಿಡಿ. ನೀರಿದ್ದರೆ ಕೆಳಗೆ ಬೇರೆಯೇ ಗೆರೆ ಕಾಣುತ್ತದೆ.

ಇನ್ನು ಏರ್ ಹಿಡಿಯುವುದು. ಹಳೆ ಡೀಸೆಲ್ ಗಾಡಿ ಇರುವವರಿಗೆಲ್ಲ ಈ ಮಾತು ಗೊತ್ತು, ಆದರೆ ಯಾಕೆ ಹಿಡಿಯುತ್ತದೆ ಅಂತ ಕೇಳಿದರೆ ಹೇಳುವವರು ಕಡಿಮೆ. ಡೀಸೆಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ಹಾಗೇ ನೊಝಲ್‌ವರೆಗೆ ಹೋಗುತ್ತದೆ. ಗಾಳಿ ಸ್ಪಂಜಿನ ಹಾಗೆ. ಪೈಪಿನಲ್ಲಿ ಒಂದು ಗುಳ್ಳೆ ಇದ್ದರೆ ಪಂಪು ಎಷ್ಟು ಒತ್ತಿದರೂ ಆ ಗುಳ್ಳೆಯೇ ಕುಗ್ಗಿ ಹಿಗ್ಗುತ್ತದೆ, ನೊಝಲ್ ಬಾಯಿ ತೆರೆಯುವುದಿಲ್ಲ. ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದರೆ ಅಥವಾ ಪೈಪಿನ ವಾಷರ್ ಹಳೆಯದಾದರೆ ಗಾಳಿ ಹೋಗುತ್ತದೆ.

ನಾನು ಒಮ್ಮೆ ಹೊಲದ ನಡುವೆ ಡೀಸೆಲ್ ಮುಗಿಸಿಕೊಂಡೆ. ಕ್ಯಾನಿನಲ್ಲಿ ತಂದು ಸುರಿದು ಸೆಲ್ಫ್ ಹೊಡೆದೆ. ಹೊಡೆದೆ, ಹೊಡೆದೆ. ಬ್ಯಾಟರಿ ಸತ್ತಿತು. ಪಕ್ಕದ ಹೊಲದ ಕಾಕಾ ಬೀಡಿ ಹಚ್ಚಿಕೊಂಡು ನೋಡುತ್ತ ನಿಂತಿದ್ದವರು, "ಏರ್ ತೆಗೀಲಾರ್ದ ಹೊಡದ್ರ ಹೆಂಗ ಆಗ್ತದ ತಮ್ಮ?" ಅಂದರು. ಆಮೇಲೆ ಒಂದು ಪಾನಾ ಹಿಡಿದು ಅವರೇ ಕಲಿಸಿದರು. ಮೊದಲು ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಎರಡು ಸುತ್ತು ಸಡಿಲಿಸಬೇಕು. ಕೈ ಪಂಪನ್ನು ಒತ್ತುತ್ತಾ ಹೋಗಬೇಕು. ಮೊದಲು ಬುರುಬುರು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಕಡಿಮೆಯಾಗುತ್ತವೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಬೇಕು. ಅದೇ ಕೆಲಸ ಪಂಪಿನ ಸ್ಕ್ರೂಗೆ. ಕೊನೆಗೆ ನೊಝಲ್ ಹತ್ತಿರದ ನಟ್ಟು ಒಂದು ಸುತ್ತು ಸಡಿಲಿಸಿ ಎಂಜಿನ್ ತಿರುಗಿಸಿದರೆ ಅಲ್ಲಿಂದಲೂ ಡೀಸೆಲ್ ಬರುತ್ತದೆ, ನಟ್ಟು ಬಿಗಿ. ಟ್ಯಾಂಕಿನ ಕಡೆಯಿಂದ ಎಂಜಿನ್ ಕಡೆಗೆ, ಈ ಕ್ರಮ ತಪ್ಪಬಾರದು. ಹಿಂದಿನ ಗಾಳಿಯನ್ನು ಬಿಟ್ಟು ಮುಂದಿನದನ್ನು ತೆಗೆದರೆ ಅದು ಮತ್ತೆ ಬರುತ್ತದೆ.

ಒಂದು ಎಚ್ಚರಿಕೆ. ನೊಝಲ್ ಚಿಮ್ಮುವುದನ್ನು ಅಂಗೈ ಹಿಡಿದು ಪರೀಕ್ಷೆ ಮಾಡುವ ಚಟ ಕೆಲವರಿಗೆ ಇದೆ. ಆ ಒತ್ತಡ 200 ಬಾರ್ ಆಸುಪಾಸು. ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೆ ಆದರೆ ನೋವಿಲ್ಲ ಅಂತ ಸುಮ್ನೆ ಕೂರಬೇಡಿ, ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಹೊಗೆಯ ಬಣ್ಣ ನೋಡಿ ರೋಗ ಹೇಳುವುದು ಮಿಸ್ತ್ರಿಗಳ ವಿದ್ಯೆ, ಆದರೆ ನಾವೂ ಕಲಿಯಬಹುದು. ಕರಿ ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಕ್ಲೀನರ್ ಕಟ್ಟಿದೆ, ನೊಝಲ್ ತೊಟ್ಟಿಕ್ಕುತ್ತಿದೆ ಅಥವಾ ತಾಕತ್ತಿಗಿಂತ ಭಾರ ಎಳೆಸುತ್ತಿದ್ದೀರಿ. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ವಾಲ್ವ್ ಕಡೆ ಸವೆತ. ಬಿಳಿ ಅಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ. ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಬಿಳಿ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಂದರೆ ಕಂಪ್ರೆಷನ್ (ಗಾಳಿ ಒತ್ತುವ ಬಿಗಿ) ಅಥವಾ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ನೋಡಿಸಬೇಕು.

ಪಂಪ್, ನೊಝಲ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದಕ್ಕೆ ಬೇಕಾದ ಮಿಷನ್ ಇರುವ ಅಂಗಡಿಗಳು ಕಲಬುರಗಿಯಲ್ಲಿ ಇವೆ, ಅಲ್ಲಿಗೇ ಒಯ್ಯಿರಿ. ಉಳಿದದ್ದು ಬಹುಪಾಲು ಅಂಗಳದಲ್ಲೇ ಆಗುತ್ತದೆ.

ಅಂಗಳ ಅಂದಾಗ ನೆನಪಾಯಿತು. ನಾನು ಗಾಡಿ ನಿಲ್ಲಿಸುವುದು ಶಹಾಬಾದ್ ಪರ್ಸಿ ಹಾಸಿದ ಜಾಗದಲ್ಲಿ. ಚೆಂದಕ್ಕಲ್ಲ. ಮಣ್ಣಿನ ಮೇಲೆ ಬಿದ್ದ ಎಣ್ಣೆ ಇಂಗಿ ಹೋಗುತ್ತದೆ, ಕಲ್ಲಿನ ಮೇಲೆ ಬಿದ್ದದ್ದು ಬೆಳಿಗ್ಗೆ ಕಾದಿರುತ್ತದೆ. ಮುಂದೆ ಕರಿ ಚುಕ್ಕೆ ಇದ್ದರೆ ಎಂಜಿನ್ ಆಯಿಲ್. ಹಿಂದೆ ಜೇನಿನ ಬಣ್ಣದ್ದು ಇದ್ದರೆ ಗೇರ್ ಅಥವಾ ಹೈಡ್ರಾಲಿಕ್. ಬಣ್ಣವೇ ಇಲ್ಲದೆ ವಾಸನೆ ಮಾತ್ರ ಬಂದರೆ ಡೀಸೆಲ್. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಿದ್ದರೆ ಅದರಲ್ಲಿ ನೀರು ಸೇರಿದೆ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ಕಡೆ ಭತ್ತದ ಗದ್ದೆಯಲ್ಲಿ ರೊಳ್ಳೆ ಹೊಡೆಯುವ, ಅಂದರೆ ನೀರು ನಿಲ್ಲಿಸಿ ಕೆಸರು ಮಾಡುವ ಹಳೆ ಗಾಡಿಗಳಲ್ಲಿ ಇದು ಮೊದಲು ಬರುವ ರೋಗ. ಆಕ್ಸಲಿನ ಸೀಲ್ ಸವೆದು ಕೆಸರು ನೀರು ಒಳಗೆ ಹೋಗುತ್ತದೆ. ನಮ್ಮ ಒಣ ಭೂಮಿಯಲ್ಲಿ ಅದು ಅಪರೂಪ.

ಎಷ್ಟು ಎಳೆಸಬೇಕು

24 ಎಚ್‌ಪಿ ಗಾಡಿಗೆ ಎರಿ ಭೂಮಿಯಲ್ಲಿ ಆಳದ ಪಲ್ಟಿ ನೇಗಿಲು ಹಾಕುವುದು ಅನ್ಯಾಯ. ಬೇಸಿಗೆಯಲ್ಲಿ ಆಳವಾಗಿ ನೆಲ ಹೊಡೆಸಬೇಕಾದರೆ ಬಾಡಿಗೆಗೆ 50 ಎಚ್‌ಪಿ ಗಾಡಿ ಕರೆಸಿ, ನಾನು ಅದನ್ನೇ ಮಾಡುತ್ತೇನೆ. ನಮ್ಮದಕ್ಕೆ ಹರಗುವುದು, ಬಿತ್ತುವುದು, ತೊಗರಿ ಸಾಲಿನಲ್ಲಿ ಎಡೆ ಹೊಡೆಯುವುದು, ನೀರಿನ ಟ್ಯಾಂಕರ್, ರಾಶಿ. ಇಷ್ಟು ಸಾಕಷ್ಟಾಯಿತು. ಎರಿ ಮಣ್ಣು ಹಸಿ ಇದ್ದರೆ ಅಂಟು, ಒಣಗಿದರೆ ಕಲ್ಲು, ನಡುವೆ ಎರಡು ಮೂರು ದಿನ ಹದ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ ಕೆಳಗೆ ಬಿಡಿ. ಉಂಡೆ ಒಡೆದು ಉದುರಿದರೆ ಗಾಡಿ ಇಳಿಸಿ. ಉಂಡೆ ಹಾಗೇ ಚಪ್ಪಟೆಯಾದರೆ ಮನೆಗೆ ಹೋಗಿ ಚಹಾ ಕುಡಿಯಿರಿ. ಹಸಿಯಲ್ಲಿ ಇಳಿಸಿದರೆ ಗಾಲಿ ತಿರುಗುತ್ತದೆ, ಗಾಡಿ ಹೋಗುವುದಿಲ್ಲ. ಡೀಸೆಲ್ ಹೋಗುತ್ತದೆ, ಕ್ಲಚ್ ಸುಡುತ್ತದೆ, ಕೆಳಗಿನ ಮಣ್ಣು ಒತ್ತಿ ಗಟ್ಟಿಯಾಗಿ ಮುಂದಿನ ಬೆಳೆಯ ಬೇರು ಇಳಿಯದ ಹಾಗೆ ಆಗುತ್ತದೆ. ಹೊಲದ ಕೆಲಸಕ್ಕೆ ಹಿಂದಿನ ಟೈರಿನಲ್ಲಿ 12ರಿಂದ 14 ಪಿಎಸ್ಐ ಹವಾ ಸಾಕು. ಗಟ್ಟಿ ಟೈರಿಗೆ ಹಿಡಿತ ಕಡಿಮೆ.

ಭಾರ ಎಳೆಸುವಾಗ ಸರಪಳಿಯನ್ನು ಹಿಂದಿನ ಕೆಳಗಿನ ಕೊಂಡಿಗೇ ಕಟ್ಟಿ. ಉಪಕರಣ ಹಿಡಿಯುವ ಮೇಲಿನ ಕೊಂಡಿ, ಟಾಪ್ ಲಿಂಕಿಗೆ ಕಟ್ಟಿದರೆ ಮುಂದಿನ ಗಾಲಿ ಎದ್ದು ಗಾಡಿ ಹಿಮ್ಮೊಗವಾಗಿ ಮಗುಚುತ್ತದೆ. ಹಳೆ ಗಾಡಿಗೆ ತಲೆಯ ಮೇಲೆ ಕಾಪಾಡುವ ಕಂಬಿಯೂ ಇರುವುದಿಲ್ಲ. ರಾಶಿ ಮಿಷನ್ನಿಗೆ ಜೋಡಿಸುವ ಪಿಟಿಒ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಮಿಷನ್ನಿಗೆ ಒಯ್ಯುವ, ಗಾಡಿಯ ಹಿಂದಿನ ತಿರುಗುವ ದಂಡ) ನಿಮಿಷಕ್ಕೆ 540 ಸುತ್ತು. ಸೆಕೆಂಡಿಗೆ 9. ಧೋತರದ ತುದಿಯೋ ಹೆಗಲ ಮೇಲಿನ ಟವೆಲೋ ಸೆರಗೋ ಸಿಕ್ಕಿದರೆ "ಅಯ್ಯೋ" ಅನ್ನುವಷ್ಟರಲ್ಲಿ ಹತ್ತು ಸುತ್ತು ಸುತ್ತಿರುತ್ತದೆ. ನಮ್ಮ ಕಣದಲ್ಲಿ ಶಾಫ್ಟಿನ ಮೇಲೆ ತಗಡು ಮುಚ್ಚದೆ ಮಿಷನ್ ಚಾಲೂ ಮಾಡುವುದಿಲ್ಲ. ಈ ವಿಷಯದಲ್ಲಿ ನಾನು ಜಗಳಗಂಟ ಅಂತ ಹೆಸರು ತಗೊಂಡಿದ್ದೇನೆ.

ಹಳೆ ಗಾಡಿ ಕೊಳ್ಳುವ ಮನಸ್ಸಿದ್ದರೆ ಬಿಡಿಭಾಗ ಮೊದಲು ವಿಚಾರಿಸಿ, ಗಾಡಿ ಆಮೇಲೆ. ಈಗಿನ ಹರಿಯಾಣದ ಫರೀದಾಬಾದಿನಲ್ಲಿ 1959ರಲ್ಲಿ ಮೊದಲ ಟ್ರ್ಯಾಕ್ಟರ್ ತಯಾರಿಸಿದ ಐಷರ್‌ನ ಟ್ರ್ಯಾಕ್ಟರ್ ವ್ಯವಹಾರ 2005ರಲ್ಲಿ ಚೆನ್ನೈನ ಟ್ರ್ಯಾಕ್ಟರ್ ಕಂಪನಿ ಟಾಫೆ ಕೈಗೆ ಹೋಯಿತು, ಹೆಸರು ಉಳಿದಿದೆ. 1971ರಲ್ಲಿ ಪಿಂಜೋರಿನಲ್ಲಿ ಶುರುವಾದ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಗಟ್ಟಿಮುಟ್ಟಾದ ಗಾಡಿ ನಿಜ, ಆದರೆ ಭಾಗಕ್ಕಾಗಿ ಗುಜರಿ ಸುತ್ತಬೇಕಾಗಬಹುದು. ಮಿತ್ಸುಬಿಷಿ ಶಕ್ತಿಯಂಥ ಪುಟ್ಟ ಗಾಡಿಗಳು ತೋಟಕ್ಕೆ, ಇಕ್ಕಟ್ಟಾದ ಸಾಲಿಗೆ ಒಳ್ಳೆಯವು. ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿದರೆ ಗೊತ್ತಾಗುತ್ತದೆ. ಆರ್‌ಸಿ ಪುಸ್ತಕ, ಎಂಜಿನ್ ನಂಬರ್, ಚಾಸಿ ನಂಬರ್ ತಾಳೆ ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅದು ಬಾಕಿ ಇದ್ದರೆ ದುಡ್ಡು ಕೊಡುವ ಮೊದಲೇ ಮಾರುವವರಿಂದ ಮಾಡಿಸಿಕೊಳ್ಳಿ.

ರಾಶಿ ಮುಗಿದು ಗಾಡಿಗೆ ಎರಡು ತಿಂಗಳು ರಜೆ ಕೊಡುವಾಗ ನಾನು ಬ್ಯಾಟರಿಯ ತಂತಿ ಬಿಚ್ಚುತ್ತೇನೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರು ಬೇಡ. ಟ್ಯಾಂಕ್ ತುಂಬಿಸಿ, ಕ್ಲಚ್ ಪೆಡಲಿಗೆ ಕಟ್ಟಿಗೆ ತುಂಡು ಕೊಟ್ಟು ಒತ್ತಿ ಇಡುತ್ತೇನೆ, ಇಲ್ಲದಿದ್ದರೆ ಪ್ಲೇಟು ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಸೈಲೆನ್ಸರ್ ಬಾಯಿಗೆ ಖಾಲಿ ತಗಡಿನ ಡಬ್ಬಿ ಮುಚ್ಚುತ್ತೇನೆ, ಅಕಾಲ ಮಳೆಯ ನೀರು ಸಿಲಿಂಡರಿಗೆ ಇಳಿಯಬಾರದು ಅಂತ. ಹೋದ ಸಲ ಅದನ್ನು ತೆಗೆಯುವುದು ಮರೆತು ಸೆಲ್ಫ್ ಹೊಡೆದೆ. ಮೊದಲ ಡುಗ್‌ಗೆ ಡಬ್ಬಿ ಹಾರಿ ಕಾಕಾನ ಜೋಳದ ಕಣಿಕೆ ಬಣವೆಯ ನೆತ್ತಿಯ ಮೇಲೆ ಕೂತಿತು. ಈಗಲೂ ಅಲ್ಲೇ ಇದೆ. ಬಣವೆ ಕರಗಲಿ, ಆಮೇಲೆ ಕೊಡ್ತೀನಿ ಅಂದಿದ್ದಾರೆ.